ಶಾಲೆಗೆ ಕೌನ್ಸೆಲರ್ ಆಗಿ ಸೇರಿದ್ದೀರಾ? ಮೊದಲ ವರ್ಷ ಏನೇನು ಮಾಡ್ಬೇಕು, ಏನು ಮಾಡ್ಲೇಬಾರ್ದು

ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಪ್ರತಿ ವರ್ಷ ಒಂದಷ್ಟು ಹೊಸಬರು ಕೌನ್ಸೆಲರ್ ಕೆಲಸಕ್ಕೆ ಸೇರ್ತಾರೆ, ಸೈಕಾಲಜಿ ಎಂಎಸ್ಸಿ ಮುಗಿಸಿದವರು, ಎಂಎಸ್‌ಡಬ್ಲ್ಯೂ ಮಾಡಿದವರು, ಟೀಚರ್ ಆಗಿದ್ದು ಆಮೇಲೆ ಎನ್‌ಸಿಇಆರ್‌ಟಿಯ ಗೈಡೆನ್ಸ್ ಅಂಡ್ ಕೌನ್ಸೆಲಿಂಗ್ ಡಿಪ್ಲೊಮಾ ಮಾಡ್ಕೊಂಡವರು (ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾದ ಆರ್‌ಐಇಯಲ್ಲೂ ಆ ಕೋರ್ಸ್ ನಡೆದಿದೆ). ಸೇರಿದ ವಾರದಲ್ಲೇ ಎಲ್ಲರಿಗೂ ಸಿಗೋ ಸೂಚನೆ ಮಾತ್ರ ಹೆಚ್ಚುಕಮ್ಮಿ ಒಂದೇ, "ಒಂಬತ್ತನೇ ಕ್ಲಾಸಿನ ಹುಡುಗ್ರು ಮಾತೇ ಕೇಳ್ತಿಲ್ಲ, ಸ್ವಲ್ಪ ಕೂರಿಸ್ಕೊಂಡು ಬುದ್ಧಿ ಹೇಳಿ." ಈ ಒಂದು ವಾಕ್ಯದಿಂದಲೇ ಕೆಲಸದ ದಾರಿ ತಪ್ಪೋಕೆ ಶುರುವಾಗುತ್ತೆ ಅನ್ನೋದು ನನ್ನ ಅನಿಸಿಕೆ, ಅದಕ್ಕೇ ಇದನ್ನ ಬರೀತಿರೋದು.

ಬುದ್ಧಿ ಹೇಳೋಕೆ ಮಗುಗೆ ಆಗಲೇ ತುಂಬಾ ಜನ ಇದ್ದಾರೆ. ಅಪ್ಪ ಅಮ್ಮ, ಕ್ಲಾಸ್ ಟೀಚರು, ಎಚ್‌ಎಮ್ಮು, ಟ್ಯೂಷನ್ ಸರ್ರು, ಹಬ್ಬಕ್ಕೆ ಬಂದ ದೊಡ್ಡಪ್ಪ, ಎಲ್ಲರೂ ಹೇಳ್ತಾರೆ. ಮಾರ್ಕ್ಸೂ ಕೊಡದ, ಶಿಕ್ಷೆನೂ ಕೊಡದ, ಸುಮ್ನೆ ಕೂತು ಕೇಳಿಸ್ಕೊಳ್ಳೋ ಒಬ್ಬ ದೊಡ್ಡವರು ಇಡೀ ಶಾಲೆಯಲ್ಲಿ ಒಬ್ಬರಾದ್ರೂ ಇರ್ಬೇಕಲ್ವಾ, ಆ ಒಬ್ಬರೇ ಕೌನ್ಸೆಲರ್. ಕೆಳಗೆ ಹೇಳೋ ಪ್ರತಿಯೊಂದು ಹೆಜ್ಜೆನೂ ಆ ಜಾಗವನ್ನ ಕಾಪಾಡ್ಕೊಳ್ಳೋಕೆ ಅಂತಲೇ ಓದ್ಕೊಳ್ಳಿ.

ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಕೌನ್ಸೆಲರ್ ಇರಲೇಬೇಕು ಅಂತ ನಿಯಮ ಮಾಡಿದೆ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಲ್ಲೂ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬರು ಅರ್ಹ ಕೌನ್ಸೆಲರ್ ಇರ್ಬೇಕು ಅಂತಿದೆ. ಆದ್ರೂ ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಈ ಕೆಲಸ ಬೀಳೋದು ಮಕ್ಕಳಿಗೆ ಹತ್ತಿರವಾಗಿರೋ ಯಾರೋ ಒಬ್ಬ ಟೀಚರ್ ಹೆಗಲ ಮೇಲೆ, ಅಂಥವರಿಗೂ ಇದು ಉಪಯೋಗ ಆಗ್ಲಿ ಅನ್ನೋ ಆಸೆ.

ಹೆಜ್ಜೆ 1: ಕೆಲಸ ಏನು ಅನ್ನೋದನ್ನ ಮೊದಲ ವಾರದಲ್ಲೇ ಬರೆಸ್ಕೊಳ್ಳಿ

ಪ್ರಿನ್ಸಿಪಾಲ್ ಜೊತೆ ಅರ್ಧ ಗಂಟೆ ಸಮಯ ಕೇಳಿ, ಒಂದು ಪುಟದಲ್ಲಿ ನಿಮ್ಮ ಕೆಲಸ ಏನು ಅಂತ ನೀವೇ ಬರ್ಕೊಂಡು ಹೋಗಿ, ಮಾತಾಡಿ, ಇಬ್ರೂ ಸಹಿ ಹಾಕಿ. ಹೊಸಬರಿಗೆ ಇದು ಸ್ವಲ್ಪ ಮುಜುಗರದ ಕೆಲಸ, ಸೇರಿದ ತಕ್ಷಣ ಷರತ್ತು ಹಾಕ್ತಾರೆ ಅಂದ್ಕೊಂಡ್ರೆ ಅಂತ ಭಯ ಇರುತ್ತೆ, ಆದ್ರೆ ಆಗಸ್ಟ್‌ನಲ್ಲಿ ಕೇಳೋದಕ್ಕಿಂತ ಜೂನ್‌ನಲ್ಲಿ ಕೇಳೋದು ಸುಲಭ.

ಆ ಪುಟದಲ್ಲಿ ಇರ್ಬೇಕಾದ್ದು: ಮಕ್ಕಳ ಜೊತೆ ಒಬ್ಬೊಬ್ಬರಾಗಿ ಮಾತಾಡೋದು, ತರಗತಿಗಳಲ್ಲಿ ಜೀವನ ಕೌಶಲದ ಪಿರಿಯಡ್ ತಗೊಳ್ಳೋದು, ಪೋಷಕರ ಜೊತೆ ಮತ್ತು ಟೀಚರ್‌ಗಳ ಜೊತೆ ಮಾತುಕತೆ, ಅಪಾಯದಲ್ಲಿರೋ ಮಗುನ ಗುರುತಿಸಿ ಸರಿಯಾದ ಕಡೆ ಕಳಿಸೋದು, ಎಸ್ಸೆಸ್ಸೆಲ್ಸಿ ನಂತರದ ದಾರಿ ತೋರಿಸೋದು. ಬೇರೆ ಶಾಲೆಗಳಲ್ಲಿ ಕೌನ್ಸೆಲರ್ ಮೇಲೆ ಬೀಳೋ ಕೆಲವು ಕೆಲಸಗಳನ್ನ "ಇವು ಇರಲ್ಲ" ಅಂತಲೂ ಬರೀರಿ. ತಪ್ಪು ಮಾಡಿದ ಮಗುಗೆ ಶಿಕ್ಷೆ ತೀರ್ಮಾನಿಸೋ ಸಮಿತಿಯಲ್ಲಿ ಕೂರೋದು, ಫೀಸ್ ಬಾಕಿ ಬಗ್ಗೆ ಪೋಷಕರಿಗೆ ಫೋನ್ ಮಾಡೋದು, ಟಿಸಿ ಕೊಡ್ತೀವಿ ಅಂತ ಎಚ್ಚರಿಕೆ ಮುಟ್ಟಿಸೋದು, ಅಡ್ಮಿಷನ್ ಸೀಸನ್‌ನಲ್ಲಿ ಮಕ್ಕಳನ್ನ ಸೋಸೋದು. ಬೆಳಿಗ್ಗೆ ಫೀಸ್ ಕೇಳಿದವರ ಹತ್ರ ಮಧ್ಯಾಹ್ನ ಬಂದು ಮಗು ತನ್ನ ಮನೆ ಕಷ್ಟ ಹೇಳ್ಕೊಳ್ಳಲ್ಲ, ಇಷ್ಟು ಹೇಳಿದ್ರೆ ಬಹುತೇಕ ಪ್ರಿನ್ಸಿಪಾಲ್‌ಗಳಿಗೆ ಅರ್ಥ ಆಗುತ್ತೆ.

ಟೀಚರ್ ರಜಾ ಹಾಕಿದಾಗ ಸಬ್‌ಸ್ಟಿಟ್ಯೂಷನ್‌ಗೆ ಕಳಿಸೋ ಸಮಸ್ಯೆ ಎಲ್ಲ ಕಡೆ ಇದೆ, ಅದನ್ನ ಪೂರ್ತಿ ತಪ್ಪಿಸೋಕೆ ಆಗದಿದ್ರೆ ವಾರಕ್ಕೆ ಇಷ್ಟೇ ಪಿರಿಯಡ್ ಅಂತ ಮಿತಿ ಹಾಕಿಸ್ಕೊಳ್ಳಿ, ಮತ್ತೆ ಆ ಪಿರಿಯಡ್‌ನಲ್ಲಿ ಪಾಠ ಮಾಡ್ಬೇಡಿ, ಮಕ್ಕಳ ಜೊತೆ ಮಾತಾಡೋಕೆ ಬಳಸ್ಕೊಳ್ಳಿ.

ಹೆಜ್ಜೆ 2: ರೂಮು

ಪ್ರಿನ್ಸಿಪಾಲ್ ಚೇಂಬರ್ ಪಕ್ಕದ ರೂಮ್ ಬೇಡ, ಸ್ಟಾಫ್ ರೂಮ್ ಎದುರಿಗೂ ಬೇಡ, ಯಾಕಂದ್ರೆ ಯಾರು ಒಳಗೆ ಹೋದ್ರು ಅನ್ನೋದು ಅರ್ಧ ಗಂಟೆಯಲ್ಲಿ ಇಡೀ ಶಾಲೆಗೆ ಗೊತ್ತಾಗುತ್ತೆ. ಲೈಬ್ರರಿ ಹತ್ರ, ಆಟದ ಸಾಮಾನಿನ ಕೋಣೆ ಹತ್ರ ಸಿಕ್ಕಿದ್ರೆ ಒಳ್ಳೇದು, ಅಲ್ಲಿಗೆ ಮಕ್ಕಳು ಬೇರೆ ಕಾರಣಕ್ಕೂ ಓಡಾಡ್ತಾರೆ. ಬಾಗಿಲಲ್ಲಿ ಸಣ್ಣ ಗಾಜು ಇರ್ಲಿ, ಮಾತು ಹೊರಗೆ ಕೇಳಿಸ್ಬಾರ್ದು ಆದ್ರೆ ಒಳಗೆ ಇಬ್ರು ಕೂತಿರೋದು ಕಾಣ್ಬೇಕು, ಇದು ಮಗು ಸುರಕ್ಷತೆಗೂ ಬೇಕು ನಿಮ್ಮ ಸುರಕ್ಷತೆಗೂ ಬೇಕು. ಬೀಗ ಇರೋ ಒಂದು ಬೀರು, ನೀರು, ಟಿಶ್ಯೂ, ಸಣ್ಣ ಮಕ್ಕಳಿಗೆ ಬಣ್ಣದ ಪೆನ್ಸಿಲ್ಲು ಕಾಗದ, ಇಷ್ಟಿದ್ರೆ ಸಾಕು. ರೂಮೇ ಕೊಡಲ್ಲ ಅಂದ್ರೆ ಮೈದಾನದ ಮರದ ಕೆಳಗಿನ ಕಟ್ಟೆ ಮೇಲೂ ಕೂತು ಮಾತಾಡಬಹುದು, ಎಷ್ಟೋ ಹುಡುಗರು ಎದುರುಬದುರು ಕೂತಾಗ ಬಿಡದ ಬಾಯನ್ನ ಪಕ್ಕದಲ್ಲಿ ನಡೀತಾ ಬಿಡ್ತಾರೆ.

ಹೆಜ್ಜೆ 3: ಮೊದಲ ತಿಂಗಳು ಸುತ್ತಾಡಿ

ಪ್ರತಿ ಸೆಕ್ಷನ್‌ಗೂ ಹೋಗಿ ಹತ್ತು ನಿಮಿಷ ನಿಮ್ಮ ಪರಿಚಯ ಹೇಳ್ಕೊಳ್ಳಿ. "ನಾನು ಡಾಕ್ಟರ್ ಅಲ್ಲ, ನನ್ನ ಹತ್ರ ಬಂದ್ರೆ ಹುಚ್ಚು ಅಂತ ಅರ್ಥ ಅಲ್ಲ, ತಲೆ ಕೆಟ್ಟು ಹೋಗಿದೆ ಅನ್ನಿಸಿದಾಗ, ಯಾರೋ ತೊಂದ್ರೆ ಕೊಡ್ತಿದ್ದಾಗ, ಮುಂದೆ ಏನು ಓದ್ಬೇಕು ಗೊತ್ತಾಗ್ದೆ ಇದ್ದಾಗ ಬನ್ನಿ" ಅಂತ ನೇರವಾಗಿ ಹೇಳಿ. ಬರೋಕೆ ಸಂಕೋಚ ಇರೋರಿಗೆ ಬೀಗ ಹಾಕಿದ ಒಂದು ಚೀಟಿ ಡಬ್ಬಿ ಇಡಿ, ಕೀ ನಿಮ್ಮ ಹತ್ರ ಮಾತ್ರ ಇರ್ಲಿ, ದಿನಾ ತೆಗೆದು ನೋಡಿ. ದಿನಾ ಅನ್ನೋದು ಮುಖ್ಯ, ಸೋಮವಾರ ಹಾಕಿದ ಚೀಟಿನ ಶುಕ್ರವಾರ ಓದಿದ್ರೆ ಮಗು ಇನ್ನೊಂದು ಸಲ ಬರೆಯಲ್ಲ.

ಆಮೇಲೆ ಟೀಚರ್‌ಗಳಲ್ಲದವರ ಪರಿಚಯ ಮಾಡ್ಕೊಳ್ಳಿ, ಇದನ್ನ ಯಾವ ಕೋರ್ಸಲ್ಲೂ ಒತ್ತಿ ಹೇಳ್ಕೊಡಲ್ಲ. ಬಿಸಿಯೂಟದ ಅಕ್ಕನಿಗೆ ಯಾವ ಮಗು ಸೋಮವಾರ ಎರಡು ಸಲ ಅನ್ನ ಹಾಕಿಸ್ಕೊಳ್ಳುತ್ತೆ ಅಂತ ಗೊತ್ತಿರುತ್ತೆ, ಅಂದ್ರೆ ಭಾನುವಾರ ಮನೆಯಲ್ಲಿ ಏನಾಯ್ತು ಅನ್ನೋದು ಗೊತ್ತಾದ ಹಾಗೆ. ವ್ಯಾನ್ ಡ್ರೈವರ್‌ಗೆ ಯಾರು ಹಿಂದಿನ ಸೀಟಲ್ಲಿ ಅಳ್ತಾ ಬರ್ತಾರೆ ಗೊತ್ತಿರುತ್ತೆ, ಆಯಾಗೆ ಯಾವ ಹುಡುಗಿ ಬಾತ್‌ರೂಮ್‌ನಲ್ಲಿ ಒಬ್ಬಳೇ ಇಂಟರ್ವಲ್ ಕಳೀತಾಳೆ ಗೊತ್ತಿರುತ್ತೆ, ಹಾಸ್ಟೆಲ್ ಇದ್ರೆ ವಾರ್ಡನ್‌ಗೆ ಯಾರಿಗೆ ರಾತ್ರಿ ನಿದ್ದೆ ಬರಲ್ಲ ಅಂತ ಗೊತ್ತಿರುತ್ತೆ. ಇವರ ಹತ್ರ ದಿನಾ ಎರಡು ಮಾತಾಡಿ, ಏನಾದ್ರೂ ಕಂಡ್ರೆ ಬೇರೆ ಯಾರಿಗೂ ಹೇಳ್ಬೇಡಿ ನನಗೆ ಮಾತ್ರ ಹೇಳಿ ಅಂತ ತಿಳಿಸಿರಿ.

ಹೆಜ್ಜೆ 4: ಮಗು ಎದುರಿಗೆ ಕೂತಾಗ

ಮೊದಲನೇ ಭೇಟಿಯಲ್ಲೇ ಗುಟ್ಟಿನ ಬಗ್ಗೆ ಮಾತಾಡ್ಬೇಕು. "ಯಾರಿಗೂ ಹೇಳಲ್ಲ, ಪ್ರಾಮಿಸ್" ಅಂತ ಯಾವತ್ತೂ ಹೇಳ್ಬೇಡಿ, ಆ ಮಾತನ್ನ ಉಳಿಸ್ಕೊಳ್ಳೋಕೆ ಆಗದೆ ಇರೋ ದಿನ ಖಂಡಿತ ಬರುತ್ತೆ. ಅದರ ಬದಲು ಹೀಗೆ ಹೇಳಬಹುದು: "ನೀನು ಇಲ್ಲಿ ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಮೂರು ವಿಷಯ ಬಿಟ್ಟು. ನಿನಗೆ ನೀನೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಇದ್ರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದ್ರೆ, ಯಾರಾದ್ರೂ ನಿನ್ನನ್ನ ಹೊಡೀತಿದ್ರೆ ಅಥವಾ ಮುಟ್ಟಬಾರದ ರೀತಿ ಮುಟ್ತಿದ್ರೆ, ಆಗ ನಿನ್ನ ಕಾಪಾಡೋಕೆ ಬೇರೆಯವರ ಸಹಾಯ ತಗೊಳ್ಳಲೇಬೇಕು. ಆದ್ರೆ ಯಾರಿಗೆ ಏನು ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ." ಹತ್ತು ವರ್ಷದ ಮಗುಗೂ ಇದು ಅರ್ಥ ಆಗುತ್ತೆ. ಕೆಲವರು ಇದನ್ನ ಕೇಳಿ ಬಾಯಿ ಮುಚ್ಕೊಳ್ತಾರೆ ಅನ್ನೋ ಆತಂಕ ಇದೆ, ಸ್ವಲ್ಪ ದಿನ ಮುಚ್ಕೊಳ್ತಾರೆ ನಿಜ, ಆದ್ರೆ ಮೋಸ ಹೋದ ಮಗು ಇನ್ನು ಯಾವ ದೊಡ್ಡವರನ್ನೂ ನಂಬಲ್ಲ, ಅದು ಇನ್ನೂ ಕೆಟ್ಟದ್ದು.

ಮಗು ಬಂದು ಮೊದಲು ಹೇಳೋದು ನಿಜವಾದ ವಿಷಯ ಆಗಿರೋದು ಕಮ್ಮಿ. "ಹೊಟ್ಟೆ ನೋವು" ಅಂತಾರೆ, "ತಲೆ ನೋವು" ಅಂತಾರೆ, ದೊಡ್ಡ ಮಕ್ಕಳು "ಒಂಥರಾ ಆಗ್ತಿದೆ" ಅಂತಾರೆ. ಆ ಒಂಥರಾದ ಒಳಗೆ ಏನಿದೆ ಅಂತ ಹೊರಗೆ ಬರೋಕೆ ಎರಡು ಮೂರು ಭೇಟಿ ಬೇಕಾಗಬಹುದು. "ಯಾಕೆ ಹಾಗೆ ಮಾಡ್ದೆ" ಅಂತ ಕೇಳಿದ್ರೆ ವಿಚಾರಣೆ ತರ ಕೇಳಿಸುತ್ತೆ, "ಆಮೇಲೆ ಏನಾಯ್ತು", "ಆಗ ನಿನಗೆ ಹೇಗನ್ನಿಸ್ತು" ಅಂತ ಕೇಳಿ. ಮೌನ ಆದಾಗ ಅದನ್ನ ತುಂಬೋಕೆ ಹೋಗ್ಬೇಡಿ. ಮನೆಯಲ್ಲಿ ತುಳುವೋ ಉರ್ದುವೋ ತೆಲುಗೋ ಲಂಬಾಣಿಯೋ ಮಾತಾಡೋ ಮಗು ದುಃಖ ಬಂದಾಗ ಮನೆಭಾಷೆಗೆ ಜಾರುತ್ತೆ, ಜಾರಲಿ ಬಿಡಿ, ಅರ್ಥ ಆಗದ ಮಾತನ್ನ ಆಮೇಲೆ ಮೆಲ್ಲಗೆ ಕೇಳಬಹುದು. ಇಂಗ್ಲಿಷ್ ಮೀಡಿಯಂ ಶಾಲೆ ಅಂತ ನಿಮ್ಮ ರೂಮಲ್ಲೂ ಇಂಗ್ಲಿಷ್ ಮಾತಾಡ್ಬೇಕು ಅನ್ನೋ ನಿಯಮ ಇದ್ರೆ ಅದನ್ನ ಮೊದಲು ತೆಗೆಸಿ.

ಟಿಪ್ಪಣಿ ಬರೀಬೇಕು, ಆದ್ರೆ ಚಿಕ್ಕದಾಗಿ: ದಿನಾಂಕ, ಮಗು ಹೇಳಿದ್ದು, ನೀವು ಮಾಡಿದ್ದು, ಮುಂದಿನ ಭೇಟಿ. ನಿಮ್ಮ ಊಹೆಗಳನ್ನ ಬರೀಬೇಡಿ. ಹೆಸರಿನ ಬದಲು ಒಂದು ನಂಬರ್ ಬಳಸಿ, ಹೆಸರಿನ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ, ವಾಟ್ಸಾಪ್‌ನಲ್ಲಿ ಮಗುವಿನ ವಿಷಯ ಒಂದು ಸಾಲೂ ಬೇಡ, ಟೀಚರ್ಸ್ ಗ್ರೂಪ್‌ನಲ್ಲಂತೂ ಬೇಡವೇ ಬೇಡ.

ಹೆಜ್ಜೆ 5: ಅಪಾಯ ಇದೆ ಅಂತ ಗೊತ್ತಾದ ದಿನ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಮಿಕ್ಕಿದ್ದನ್ನ ಕೆಲಸ ಮಾಡ್ತಾ ಕಲೀಬಹುದು, ಇದನ್ನ ಮೊದಲೇ ಕಲ್ತಿರ್ಬೇಕು.

ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದ್ರೆ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ, ಹುಡುಗರೂ ಸೇರಿ. ಸೆಕ್ಷನ್ 19ರ ಪ್ರಕಾರ ವಿಷಯ ಗೊತ್ತಾದ ಯಾರೇ ಆದ್ರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ತಿಳಿಸದಿದ್ರೆ ಸೆಕ್ಷನ್ 21ರಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇದೆ, ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನ ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ರೆ ಒಂದು ವರ್ಷದವರೆಗೆ. ಒಳ್ಳೇ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕೋಕೆ ಬರಲ್ಲ, ಕಾಯ್ದೆಯೇ ರಕ್ಷಣೆ ಕೊಡುತ್ತೆ.

ಆ ಗಳಿಗೆಯಲ್ಲಿ ಮಾಡ್ಬೇಕಾದ್ದು ಕಮ್ಮಿನೇ. ಮಗು ಹೇಳೋದನ್ನ ಮಧ್ಯ ಬಾಯಿ ಹಾಕದೆ ಕೇಳಿ. "ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿಂದೇನೂ ತಪ್ಪಿಲ್ಲ" ಅಂತ ಹೇಳಿ. ವಿವರಗಳನ್ನ ಅಗೆದು ಅಗೆದು ಕೇಳ್ಬೇಡಿ, ತನಿಖೆ ನಿಮ್ಮ ಕೆಲಸ ಅಲ್ಲ, ಒಂದೇ ವಿಷಯವನ್ನ ಕ್ಲಾಸ್ ಟೀಚರ್‌ಗೆ, ಪ್ರಿನ್ಸಿಪಾಲ್‌ಗೆ, ಮ್ಯಾನೇಜ್‌ಮೆಂಟ್‌ಗೆ ಅಂತ ಮಗು ಬಾಯಲ್ಲಿ ಮತ್ತೆ ಮತ್ತೆ ಹೇಳಿಸೋದು ಇನ್ನೊಂದು ಹಿಂಸೆ. ಮಗು ಬಳಸಿದ ಪದಗಳನ್ನೇ ಇದ್ದಹಾಗೆ ಬರ್ಕೊಳ್ಳಿ, ಸಮಯ ಹಾಕಿ. ಆರೋಪ ಇರೋ ವ್ಯಕ್ತಿನ ಕರೆದು ಕೇಳೋಕೆ ಹೋಗ್ಬೇಡಿ, ಬೇರೆಯವರು ಕರೆಸಿದ್ರೂ ತಡೀರಿ. "ಮೊದಲು ನಾವೇ ಒಳಗೊಳಗೆ ವಿಚಾರಣೆ ಮಾಡೋಣ, ಶಾಲೆ ಹೆಸರು ಹಾಳಾಗುತ್ತೆ" ಅನ್ನೋ ಮಾತು ಬಂದೇ ಬರುತ್ತೆ, ಆಗ ಕಾಯ್ದೆಯ ಸೆಕ್ಷನ್ ಮೇಜಿನ ಮೇಲಿಡಿ. 112ಕ್ಕೋ 1098ಕ್ಕೋ ಫೋನ್ ಮಾಡಿ, 112 ಪೊಲೀಸ್ ತುರ್ತು ನಂಬರ್, 1098 ಮಕ್ಕಳ ಸಹಾಯವಾಣಿ, ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮತ್ತು ಮಕ್ಕಳ ಕಲ್ಯಾಣ ಸಮಿತಿಗೆ ದಾರಿ ಆಗುತ್ತೆ. ಆದ್ರೆ ಸಹಾಯವಾಣಿಗೆ ಹೇಳಿದ್ವಲ್ಲ ಅಂತ ನಿಲ್ಲಿಸ್ಬೇಡಿ, ಪೊಲೀಸರಿಗೆ ಮುಟ್ಟಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಮಗುಗೂ ಮನೆಯವರಿಗೂ ಪೊಲೀಸ್ ಅಂದ್ರೆ ಭಯ, ಅದಕ್ಕೆ ಇವನ್ನ ಹೇಳಿ: ಹೇಳಿಕೆನ ಮಗು ಇರೋ ಮನೆಯಲ್ಲೇ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ತಗೋಬೇಕು, ಸಾಧ್ಯ ಆದಷ್ಟು ಮಹಿಳಾ ಸಬ್ ಇನ್ಸ್‌ಪೆಕ್ಟರ್ ಅಥವಾ ಮೇಲಿನವರೇ ತಗೋಬೇಕು, ಯೂನಿಫಾರ್ಮ್ ಹಾಕಿರಬಾರದು, ರಾತ್ರಿ ಠಾಣೆಯಲ್ಲಿ ಮಗುನ ಇರಿಸ್ಕೊಳ್ಳೋ ಹಾಗಿಲ್ಲ. 2020ರ ನಿಯಮಗಳ ಪ್ರಕಾರ ಕೇಸ್ ಉದ್ದಕ್ಕೂ ಜೊತೆಗಿರೋಕೆ ಒಬ್ಬ ಬೆಂಬಲ ವ್ಯಕ್ತಿಯನ್ನೂ ಮಕ್ಕಳ ಕಲ್ಯಾಣ ಸಮಿತಿ ಕೊಡಬಹುದು.

ಹದಿನಾರು ಹದಿನೇಳರ ಹುಡುಗ ಹುಡುಗಿ ಇಬ್ರೂ ಇಷ್ಟಪಟ್ಟೇ ಹತ್ತಿರ ಆಗಿದ್ದಾರೆ ಅನ್ನೋ ಪ್ರಕರಣ ಬಂದಾಗ ಮನಸ್ಸಿಗೆ ತುಂಬಾ ಕಷ್ಟ ಆಗುತ್ತೆ, ಆದ್ರೆ ಇವತ್ತಿನ ಕಾಯ್ದೆಯಲ್ಲಿ 18ರೊಳಗಿನ ಒಪ್ಪಿಗೆಗೆ ಬೆಲೆ ಇಲ್ಲ. ಅದಕ್ಕೇ ಗುಟ್ಟಿನ ಮಿತಿಯನ್ನ ಮೊದಲೇ ಹೇಳಿರ್ಬೇಕು ಅಂದಿದ್ದು, ಮತ್ತೆ ಎಂಟನೇ ಕ್ಲಾಸಿಂದಲೇ ಈ ಕಾನೂನಿನ ಬಗ್ಗೆ ಮಕ್ಕಳಿಗೆ ಬಿಡಿಸಿ ಹೇಳೋದೂ ನಿಮ್ಮ ಜವಾಬ್ದಾರಿನೇ.

ಇನ್ನು ಸಾಯೋ ಮಾತು. "ಬದುಕೋದೇ ಬೇಡ ಅನ್ಸುತ್ತೆ", "ನಾನಿಲ್ದೆ ಇದ್ರೆ ಎಲ್ರಿಗೂ ಆರಾಮ" ಅನ್ನೋ ಮಾತುಗಳನ್ನ ನಾಟಕ ಅಂತ ತಳ್ಳಿಹಾಕೋರು ಸ್ಟಾಫ್ ರೂಮಲ್ಲಿ ಇರ್ತಾರೆ, ನೀವು ಹಾಗೆ ಮಾಡ್ಬೇಡಿ. ನೇರವಾಗಿ ಕೇಳಿ, "ಸಾಯ್ಬೇಕು ಅನ್ನೋ ಯೋಚನೆ ಬರ್ತಿದೆಯಾ?" ಕೇಳಿದ್ರೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋದು ತಪ್ಪು ನಂಬಿಕೆ, ಕೇಳಿದಾಗ ಮಕ್ಕಳಿಗೆ ಭಾರ ಇಳಿಯುತ್ತೆ. ಹೌದು ಅಂದ್ರೆ ಆ ಮಗುನ ಒಂದು ಕ್ಷಣವೂ ಒಬ್ಬರೇ ಬಿಡ್ಬೇಡಿ, ಬಾತ್‌ರೂಮ್‌ಗೂ ಯಾರಾದ್ರೂ ಜೊತೆಗೆ ಹೋಗ್ಲಿ. ಅವತ್ತೇ ಪೋಷಕರನ್ನ ಕರೆಸಿ, ಫೋನಲ್ಲಿ ಅರ್ಧ ಹೇಳಿ ಮುಗಿಸ್ಬೇಡಿ. ಮನೆಯಲ್ಲಿರೋ ಕ್ರಿಮಿನಾಶಕ, ಮಾತ್ರೆಗಳು ಮಗು ಕೈಗೆ ಸಿಗದ ಹಾಗೆ ಬೀಗದಲ್ಲಿಡಿ ಅಂತ ಸ್ಪಷ್ಟವಾಗಿ ಹೇಳಿ, ಹೊಲ ತೋಟ ಇರೋ ಮನೆಗಳಲ್ಲಿ ಇದೊಂದು ಮಾತಿನಿಂದ ಜೀವ ಉಳಿಯಬಹುದು. ಮಗುನ ಬೈಯಬೇಡಿ, ಹೊಡೀಬೇಡಿ, ದೆವ್ವ ಬಿಡಿಸೋಕೆ ಕರ್ಕೊಂಡು ಹೋಗ್ಬೇಡಿ ಅಂತಲೂ ಹೇಳಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಅದೇ ದಿನ ಅಥವಾ ಮರುದಿನವೇ ಮನೋವೈದ್ಯರ ಹತ್ರ ಹೋಗೋ ವ್ಯವಸ್ಥೆ ಮಾಡಿ. "ಇನ್ಮೇಲೆ ಹೀಗೆ ಮಾಡ್ಕೊಳ್ಳಲ್ಲ" ಅಂತ ಮಗು ಹತ್ರ ಬರೆಸ್ಕೊಂಡು ಫೈಲಿಗೆ ಹಾಕೋದ್ರಿಂದ ಯಾರ ಜೀವವೂ ಉಳಿಯಲ್ಲ. ಮಗು ವಾಪಸ್ ಶಾಲೆಗೆ ಬಂದಾಗ ಕ್ಲಾಸಲ್ಲಿ ಎಲ್ಲರೂ ಗುರಾಯಿಸದ ಹಾಗೆ, ಬಿಟ್ಟುಹೋದ ನೋಟ್ಸಿಗೆ ಯಾರೂ ಪೀಡಿಸದ ಹಾಗೆ ಮುಂಚೇನೇ ಟೀಚರ್‌ಗಳ ಜೊತೆ ಮಾತಾಡಿಟ್ಟಿರಿ.

ಹೆಜ್ಜೆ 6: ಪೋಷಕರು

ಶಾಲೆಯಿಂದ ಫೋನ್ ಬಂತು ಅಂದ್ರೆ ಕಂಪ್ಲೇಂಟ್ ಅಂತಲೇ ಅಪ್ಪ ಅಮ್ಮ ಅಂದ್ಕೊಳ್ಳೋದು. ಹಾಗಾಗಿ ಮೊದಲನೇ ಫೋನು ಒಳ್ಳೇ ಸುದ್ದಿಗೆ ಮಾಡಿ, "ನಿಮ್ಮ ಮಗಳು ಇವತ್ತು ಹೊಸದಾಗಿ ಬಂದ ಹುಡುಗಿನ ಊಟಕ್ಕೆ ಜೊತೆಗೆ ಕೂರಿಸ್ಕೊಂಡ್ಲು" ಅಂತ ಒಂದು ಮಾತು. ಎರಡನೇ ಸಲ ಕಷ್ಟದ ವಿಷಯ ಮಾತಾಡೋಕೆ ಕರೆದಾಗ ಬಂದು ಕೂತು ಕೇಳ್ತಾರೆ. ಕೂಲಿಗೆ ಹೋಗೋರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅಂದ್ರೆ ಅವತ್ತಿನ ಕೂಲಿ ಹೋಯ್ತು, ಅವರಿಗೆ ಆಗೋ ಹೊತ್ತು ಕೇಳಿ.

ಮೊಬೈಲು, ಮಾರ್ಕ್ಸು ಈ ಎರಡೇ ವಿಷಯಕ್ಕೆ ಹೆಚ್ಚು ಜನ ಬರೋದು. ಮೊಬೈಲ್ ಕಿತ್ಕೊಳ್ಳೋದ್ರಿಂದ ಏನೂ ಸರಿಹೋಗಲ್ಲ, ರಾತ್ರಿ ಇಡೀ ಮನೆಯವರ ಫೋನ್‌ಗಳೂ ಹಾಲ್‌ನಲ್ಲಿ ಒಂದೇ ಕಡೆ ಚಾರ್ಜಿಗೆ ಇರ್ಲಿ, ಅಪ್ಪಂದೂ ಸೇರಿ, ಇದು ನಾನು ಎಲ್ಲರಿಗೂ ಮೊದಲು ಹೇಳೋದು.

ಬಾಲ್ಯವಿವಾಹದ ವಿಷಯದಲ್ಲಿ ಮಾತ್ರ ಮೆತ್ತಗಾಗ್ಬೇಡಿ. ಪರೀಕ್ಷೆ ಮುಗಿದು ಬೇಸಿಗೆ ಬಂತು ಅಂದ್ರೆ ಹಳ್ಳಿ ಕಡೆ ಒಂಬತ್ತು ಹತ್ತನೇ ಕ್ಲಾಸಿನ ಹುಡುಗಿಯರ ಮದುವೆ ಮಾತು ಶುರುವಾಗೋದು ಹೊಸದಲ್ಲ. ಹುಡುಗಿಗೆ 18, ಹುಡುಗನಿಗೆ 21 ಆಗದೆ ಮದುವೆ ಮಾಡೋದು 2006ರ ಕಾಯ್ದೆ ಪ್ರಕಾರ ಅಪರಾಧ, ಕರ್ನಾಟಕ ತಂದ ತಿದ್ದುಪಡಿಯಿಂದ ನಮ್ಮಲ್ಲಿ ಅಂಥ ಮದುವೆ ಮೊದಲಿಂದಲೇ ಅಸಿಂಧು. ಗೆಳತಿಯರಿಗೆ ಮೊದಲು ಗೊತ್ತಾಗೋದು, ಅವರು ನಿಮಗೆ ಹೇಳ್ಬೇಕು ಅಂದ್ರೆ ವರ್ಷವಿಡೀ ನೀವು ಅವರ ನಂಬಿಕೆ ಗಳಿಸಿರ್ಬೇಕು. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಅಥವಾ 1098ಕ್ಕೆ ತಿಳಿಸಿ, ಯಾವ ಹುಡುಗಿ ಹೇಳಿದ್ದು ಅನ್ನೋದು ಹೊರಗೆ ಬರದ ಹಾಗೆ ನೋಡ್ಕೊಳ್ಳಿ.

ಹೆಜ್ಜೆ 7: ಟೀಚರ್‌ಗಳ ಜೊತೆ, ಮತ್ತೆ ಓದು ಹತ್ತದ ಮಕ್ಕಳು

ಟೀಚರ್‌ಗಳು ನಿಮ್ಮ ವಿರೋಧಿಗಳಲ್ಲ, 60 ಮಕ್ಕಳ ಕ್ಲಾಸ್ ನಡೆಸೋ ಆಯಾಸ ಅವರಿಗೆ ಗೊತ್ತು. ಆದ್ರೆ ಹೊಡೆಯೋದು, ಹೀಯಾಳಿಸೋದು 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಸೆಕ್ಷನ್ 17ರಲ್ಲಿ ನಿಷೇಧ ಆಗಿದೆ, ಅದನ್ನ ಕಂಡೂ ಕಾಣದ ಹಾಗೆ ಇರೋಕೆ ನಿಮಗೆ ಹಕ್ಕಿಲ್ಲ. ಮೊದಲು ಆ ಟೀಚರ್ ಹತ್ರ ಒಬ್ಬರೇ ಇದ್ದಾಗ ಮಾತಾಡಿ, ನಿಲ್ಲದಿದ್ರೆ ಬರವಣಿಗೆಯಲ್ಲಿ ಪ್ರಿನ್ಸಿಪಾಲ್‌ಗೆ ಕೊಡಿ. ಪೆಟ್ಟು ಬಿದ್ದು ಗಾಯ ಆಗಿದ್ರೆ ಮಾತ್ರ ಈ ಮೆಟ್ಟಿಲುಗಳಿಗೆ ಕಾಯ್ಬೇಡಿ, ಆಸ್ಪತ್ರೆ, ಪೋಷಕರು, 1098, ಎಲ್ಲ ಅವತ್ತೇ.

"ಸೋಂಬೇರಿ" ಅಂತ ನಿಮ್ಮ ಹತ್ರ ಕಳಿಸೋ ಮಕ್ಕಳಲ್ಲಿ ಕೆಲವರಿಗೆ ಕಲಿಕಾ ನ್ಯೂನತೆ ಇರುತ್ತೆ. ಬಾಯಲ್ಲಿ ಕೇಳಿದ್ರೆ ಪಾಠವೆಲ್ಲ ಹೇಳ್ತಾರೆ, ಬರೆಯೋಕೆ ಕೊಟ್ರೆ ಒತ್ತಕ್ಷರ ಬಿಡ್ತಾರೆ, ದೀರ್ಘ ಹಾಕಲ್ಲ, ಬೋರ್ಡ್ ನೋಡಿ ಬರ್ಕೊಳ್ಳೋಕೆ ಎಲ್ಲರಿಗಿಂತ ಎರಡರಷ್ಟು ಹೊತ್ತು ತಗೊಳ್ತಾರೆ. ಮೂರು ನಾಲ್ಕನೇ ಕ್ಲಾಸಲ್ಲೇ ಹಿಡಿದ್ರೆ ತುಂಬಾ ಸಹಾಯ ಮಾಡಬಹುದು. ಮೊದಲು ಕಣ್ಣು ಕಿವಿ ಟೆಸ್ಟ್ ಮಾಡಿಸಿ, ಎಷ್ಟೋ ಸಲ ಕನ್ನಡಕ ಹಾಕಿದ ಮೇಲೆ ಸಮಸ್ಯೆನೇ ಇರಲ್ಲ. ಆಮೇಲೂ ಇದ್ರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇಂಥ ಕಡೆ ಕಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು, ಸರ್ಟಿಫಿಕೇಟ್ ಇದ್ರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು ಇಂಥ ಸೌಲಭ್ಯ ಸಿಗುತ್ತೆ. ಆದ್ರೆ ಹತ್ತನೇ ಕ್ಲಾಸಿನ ಫೆಬ್ರವರಿಯಲ್ಲಿ ಎದ್ದು ಓಡಾಡಿದ್ರೆ ಆಗಲ್ಲ, ಒಂಬತ್ತನೇ ಕ್ಲಾಸಲ್ಲೇ ಕಾಗದಪತ್ರ ಸಿದ್ಧ ಇರ್ಬೇಕು.

ರೋಗದ ಹೆಸರು ಹೇಳೋದು, ಮಾತ್ರೆ ಬಗ್ಗೆ ಸಲಹೆ ಕೊಡೋದು ನಮ್ಮ ಕೆಲಸ ಅಲ್ಲ. ಆಟಿಸಂ ಇರಬಹುದು, ಎಡಿಎಚ್‌ಡಿ ಇರಬಹುದು ಅನ್ನಿಸಿದ್ರೂ ಪೋಷಕರಿಗೆ ನೀವು ನೋಡಿದ್ದನ್ನ ಮಾತ್ರ ಹೇಳಿ, ಹೆಸರನ್ನ ಡಾಕ್ಟರ್ ಹೇಳ್ಲಿ. ದೂರದ ಊರಿನವರಿಗೆ ತಾಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇದೆಯಾ, ಹದಿಹರೆಯದವರಿಗಾಗಿ ಇರೋ ಸ್ನೇಹ ಕ್ಲಿನಿಕ್ ಯಾವತ್ತು ತೆಗೆದಿರುತ್ತೆ ಅಂತ ನೀವೇ ಒಂದು ಸಲ ಹೋಗಿ ಕೇಳ್ಕೊಂಡು ಬನ್ನಿ, ಚೀಟಿ ಬರ್ಕೊಟ್ಟು ಕಳಿಸೋ ಮುಂಚೆ ಆ ಬಾಗಿಲು ತೆಗೆದಿದೆಯಾ ಅಂತ ನಿಮಗೆ ಗೊತ್ತಿರ್ಬೇಕು.

ಹೆಜ್ಜೆ 8: ಎಸ್ಸೆಸ್ಸೆಲ್ಸಿ ಆದ್ಮೇಲೆ ಏನು

ಇದನ್ನ ಹತ್ತನೇ ಕ್ಲಾಸಿನ ರಿಸಲ್ಟ್ ದಿನ ಶುರು ಮಾಡ್ಬೇಡಿ, ಎಂಟನೇ ಕ್ಲಾಸಲ್ಲಿ ಶುರು ಮಾಡಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ, ಆಯ್ಕೆ ಆದವರಿಗೆ ವರ್ಷಕ್ಕೆ 12,000 ರೂಪಾಯಿ ಸ್ಕಾಲರ್‌ಶಿಪ್ ಪಿಯುಸಿ ಮುಗಿಯೋವರೆಗೂ ಬರುತ್ತೆ, ಎಷ್ಟೋ ಮಕ್ಕಳು ಅರ್ಜಿನೇ ಹಾಕಿರಲ್ಲ.

ಪಿಯು ಸೈನ್ಸ್ ಒಂದೇ ದಾರಿ ಅನ್ನೋ ಭ್ರಮೆಯನ್ನ ಒಡೀಬೇಕು. ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು, ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಕಲಿತರೆ ಮೂರು ವರ್ಷ ಓದಿನ ಜೊತೆ ಒಂದು ವರ್ಷ ಕಾರ್ಖಾನೆ ತರಬೇತಿಯೂ ಸಿಗುತ್ತೆ. ಸೈನ್ಸ್ ತಗೊಳ್ಳೋರಿಗೆ ಇಂಜಿನಿಯರಿಂಗ್‌ಗೆ ಮ್ಯಾಥ್ಸ್ ಬೇಕು, ಮೆಡಿಕಲ್‌ಗೆ ಬಯಾಲಜಿ ಬೇಕು ಅನ್ನೋದನ್ನ ಕಾಂಬಿನೇಷನ್ ಆರಿಸೋ ಮುಂಚೆ ಹೇಳಿ. ಇನ್ನೊಂದು ತುಂಬಾ ಜನ ಬಿಡೋ ವಿಷಯ: ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ, ಅದಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಹತ್ತನೇ ಕ್ಲಾಸ್ ಮುಗಿಸಿ ಟಿಸಿ ತಗೊಳ್ಳೋ ದಿನವೇ ಅದನ್ನೂ ತಗೊಳ್ಳಿ, ಹಳೇ ಶಾಲೆಯಿಂದ ತರೋದಿದ್ರೆ ಆ ಬೇಸಿಗೆಯಲ್ಲೇ ತನ್ನಿ ಅಂತ ಮಕ್ಕಳಿಗೆ ಹೇಳಿ ಕಳಿಸಿ.

ಬೆರಳಚ್ಚು ತಗೊಂಡು ಮಗುವಿನ ಬುದ್ಧಿ, ಕರಿಯರ್ ಎಲ್ಲ ಹೇಳ್ತೀವಿ ಅಂತ ಶಾಲೆಗಳಿಗೆ ಬಂದು ಸಾವಿರಾರು ರೂಪಾಯಿ ಕೇಳೋ ಕಂಪನಿಗಳಿವೆ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಮ್ಯಾನೇಜ್‌ಮೆಂಟ್ ಎಷ್ಟೇ ಉತ್ಸಾಹ ತೋರಿಸಿದ್ರೂ ನಿಮ್ಮ ಸಹಿ ಅದಕ್ಕೆ ಹಾಕ್ಬೇಡಿ.

ಹೆಜ್ಜೆ 9: ಪರೀಕ್ಷೆ, ರಿಸಲ್ಟು

ಜನವರಿಯಿಂದ ನಿಮ್ಮ ರೂಮಿನ ಮುಂದೆ ಸಾಲು ಬೆಳೆಯುತ್ತೆ. ಆಗ ಒಬ್ಬೊಬ್ಬರನ್ನೇ ನೋಡೋಕೆ ಆಗಲ್ಲ, ಹತ್ತು ಹನ್ನೆರಡು ಮಕ್ಕಳನ್ನ ಕೂರಿಸಿ ನಿದ್ದೆ, ಊಟ, ಓದೋ ವೇಳಾಪಟ್ಟಿ ಬಗ್ಗೆ ಮಾತಾಡಿ, ಅದರಲ್ಲಿ ಯಾರ ಮುಖ ತುಂಬಾ ಬಾಡಿದೆ ಅಂತ ನೋಡಿ ಆ ಮಗುನ ಬೇರೆ ಕರೀರಿ. ಪೂರ್ವಸಿದ್ಧತಾ ಪರೀಕ್ಷೆಯ ಮಾರ್ಕ್ಸ್ ನೋಟಿಸ್ ಬೋರ್ಡಿಗೆ ಹಾಕೋದನ್ನ ನಿಲ್ಲಿಸೋಕೆ ಪ್ರಯತ್ನಪಡಿ. ಫೇಲ್ ಆದ್ರೂ ಅದೇ ವರ್ಷ ಮತ್ತೆ ಪರೀಕ್ಷೆ ಬರೀಬಹುದು ಅನ್ನೋದನ್ನ ಪರೀಕ್ಷೆಗೆ ಮುಂಚೆಯೇ ಮಕ್ಕಳಿಗೂ ಅಪ್ಪ ಅಮ್ಮನಿಗೂ ಹೇಳಿಟ್ಟಿರಿ, ರಿಸಲ್ಟ್ ದಿನ ಹೇಳಿದ್ರೆ ಕಿವಿಗೆ ಹೋಗಲ್ಲ. ರಿಸಲ್ಟ್ ದಿನ ರಜೆ ಇದ್ರೂ ಶಾಲೆಯಲ್ಲಿರಿ, ಆತಂಕ ಇರೋ ಮಕ್ಕಳ ಪಟ್ಟಿ ಮಾಡ್ಕೊಂಡು ಒಬ್ಬೊಬ್ಬರ ಮನೆಗೂ ಫೋನ್ ಮಾಡಿ, ಶೇ. 95 ನಿರೀಕ್ಷೆ ಇದ್ದು 88 ಬಂದ ಮಗುಗೂ ಮಾಡಿ.

ಹೆಜ್ಜೆ 10: ನಿಮ್ಮನ್ನ ನೋಡ್ಕೊಳ್ಳೋದು, ವರ್ಷ ಮುಗಿಸೋದು

ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರ್ಬೇಕು ಅನ್ನುತ್ತೆ, ನಮ್ಮಲ್ಲಿ ಸಾವಿರ ಮಕ್ಕಳಿಗೆ ಒಬ್ಬರಿದ್ರೂ ಅದೃಷ್ಟ. ಹಾಗಾಗಿ ಎಲ್ಲವನ್ನೂ ನಾನೇ ಮಾಡ್ತೀನಿ ಅಂತ ಹೊರಟ್ರೆ ನೀವೇ ಕುಸೀತೀರಿ. ತಿಂಗಳಿಗೊಂದು ಸಲ ಅನುಭವ ಇರೋ ಹಿರಿಯ ಕೌನ್ಸೆಲರ್ ಹತ್ರ ಹೆಸರು ಹೇಳದೆ ಕೇಸ್‌ಗಳನ್ನ ಚರ್ಚೆ ಮಾಡಿ, ಅಕ್ಕಪಕ್ಕದ ನಾಲ್ಕೈದು ಶಾಲೆಯ ಕೌನ್ಸೆಲರ್‌ಗಳು ಸೇರಿ ಗುಂಪು ಮಾಡ್ಕೊಂಡ್ರೂ ಆಗುತ್ತೆ. ರಾತ್ರಿ ಹತ್ತರ ಮೇಲೆ ಮಕ್ಕಳಿಗೆ ನಿಮ್ಮ ಪರ್ಸನಲ್ ನಂಬರ್‌ನಲ್ಲಿ ಉತ್ತರ ಕೊಡೋ ಅಭ್ಯಾಸ ಶುರು ಮಾಡ್ಬೇಡಿ, ಆ ಹೊತ್ತಿಗೆ 14416 ಮತ್ತು 1098 ಇವೆ, ಆ ನಂಬರ್‌ಗಳು ಪ್ರತಿ ಮಗುವಿನ ಡೈರಿಯ ಮೊದಲ ಪುಟದಲ್ಲಿರಲಿ.

ಬೇಸಿಗೆ ರಜೆಗೆ ಎರಡು ವಾರ ಮುಂಚೆ, ನೀವು ನಿಯಮಿತವಾಗಿ ನೋಡ್ತಿರೋ ಪ್ರತಿ ಮಗುನ ಕರೆದು ರಜೆಯಲ್ಲಿ ಎಲ್ಲಿರ್ತೀಯ, ಯಾರ ಜೊತೆ ಇರ್ತೀಯ, ಕಷ್ಟ ಆದ್ರೆ ಯಾರಿಗೆ ಹೇಳ್ತೀಯ ಅಂತ ಕೇಳಿ ಬರ್ಕೊಳ್ಳಿ. ಕೆಲಸಕ್ಕೆ ಗುಳೆ ಹೋಗೋ ಕುಟುಂಬದ ಮಕ್ಕಳಿದ್ರೆ ಯಾವ ಊರಿಗೆ ಹೋಗ್ತಾರೆ, ಯಾವಾಗ ವಾಪಸ್ ಬರ್ತಾರೆ ಕೇಳಿಟ್ಟಿರಿ, ಜೂನ್‌ನಲ್ಲಿ ಮೊದಲ ವಾರ ಹಾಜರಿ ಪುಸ್ತಕ ತೆಗೆದು ಆ ಪಟ್ಟಿ ಜೊತೆ ತಾಳೆ ನೋಡಿ, ಬಾರದ ಮಗುವಿನ ಮನೆಗೆ ಅದೇ ವಾರ ಹೋಗಿ. ಎಸ್ಸೆಸ್ಸೆಲ್ಸಿ ಮುಗಿಸಿ ಬೇರೆ ಕಾಲೇಜಿಗೆ ಹೋಗೋ ಮಕ್ಕಳ ಫೈಲನ್ನ ಮಗು ಮತ್ತು ಪೋಷಕರು ಒಪ್ಪಿದ್ರೆ ಮಾತ್ರ ಅಲ್ಲಿಗೆ ಕೊಡಿ. ನೀವೇ ಶಾಲೆ ಬಿಡೋದಾದ್ರೆ ಮಕ್ಕಳಿಗೆ ಮೊದಲೇ ತಿಳಿಸಿ, ಮುಂದೆ ಬರೋ ಕೌನ್ಸೆಲರ್‌ನ ಪರಿಚಯ ಮಾಡಿಸಿ, ಬೀರುವಿನ ಕೀಯನ್ನ ಆಫೀಸಿನ ಡ್ರಾಯರ್‌ಗೆ ಹಾಕದೆ ಅವರ ಕೈಗೇ ಕೊಟ್ಟು ಸಹಿ ತಗೊಳ್ಳಿ.